ಕಾಯ ನಡೆದರೆ ಕಾಯಕ ನಡೆದೀತು



ಧಾರವಾಡ ಸೀಮೆಯ ಒಂದು ಊರಿನಲ್ಲಿ ನಮಗೆ ಬಹುಕಾಲದಿಂದ ಪರಿಚಿತವಾದ ಮನೆಯೊಂದುಂಟು. ಒಕ್ಕಲುತನದ ಕುಟುಂಬ, ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳಿಂದ ತುಂಬಿದ ಮನೆ. ಯಜಮಾನರಿಗೆ ಎಪ್ಪತ್ತರ ಸಮೀಪದ ವಯಸ್ಸು. ಕಳೆದ ವರ್ಷದ ಬೇಸಗೆಯಲ್ಲಿ ಒಂದು ಬೆಳಗಿನ ಜಾವ ಅವರ ಎಡಗೈ ಎಡಗಾಲುಗಳು ಒಮ್ಮೆಲೇ ಸ್ವಾಧೀನ ತಪ್ಪಿದವು. ಪಾರ್ಶ್ವವಾಯು. ಆಸ್ಪತ್ರೆಯಲ್ಲಿ ಹನ್ನೆರಡು ದಿನವಿದ್ದು, ಪ್ರಾಣಾಪಾಯದಿಂದ ಪಾರಾಗಿ ಮನೆಗೆ ಮರಳಿದರು. ನಾವು ಅವರನ್ನು ಕಾಣಲು ಹೋದದ್ದು ಎರಡು ತಿಂಗಳ ತರುವಾಯ.

ಮನೆಯವರ ಸೇವೆಯಲ್ಲಿ ಎಳ್ಳಷ್ಟೂ ಲೋಪವಿರಲಿಲ್ಲ. ಮಗನು ಎತ್ತಿ ಕುಳ್ಳಿರಿಸುವನು, ಸೊಸೆ ತುತ್ತು ಮಾಡಿ ಉಣಿಸುವಳು, ಮೊಮ್ಮಕ್ಕಳು ಕಾಲೊತ್ತುವರು. “ಅಪ್ಪಾರಿಗೆ ಒಂದು ಹೆಜ್ಜಿನೂ ಇಡಾಕ ಬಿಟ್ಟಿಲ್ಲರಿ” ಎಂದು ಮಗನು ಹೆಮ್ಮೆಯಿಂದಲೇ ನುಡಿದನು. ಹಿರಿಯರ ಕಣ್ಣಿನಲ್ಲಿ ಮಾತ್ರ ನೀರಿತ್ತು. ಮಗನು ಹೊರಗೆ ಹೋದ ಮೇಲೆ ಮೆಲ್ಲನೆ ಹೇಳಿದರು: “ಎಡಗೈಯಾಗ ಲಿಂಗ ಹಿಡಿಯಾಕ ಆಗವಲ್ದರಿ. ಐವತ್ತು ವರ್ಷದ ಪೂಜಿ ನಿಂತೈತಿ. ಇನ್ನ ಈ ಕೈ ಇದ್ದರೇನು, ಹೋದರೇನು?”

ಆಸ್ಪತ್ರೆಯವರು ಬರೆದುಕೊಟ್ಟ ಕಾಗದವನ್ನು ತರಿಸಿ ನೋಡಿದೆವು. ಮಾತ್ರೆಗಳ ಪಟ್ಟಿಯನ್ನು ಮನೆಯವರು ತಪ್ಪದೆ ಪಾಲಿಸಿದ್ದರು. ಪಟ್ಟಿಯ ಕೊನೆಯಲ್ಲಿ “ಫಿಜಿಯೋಥೆರಪಿ ಮುಂದುವರಿಸುವುದು” ಎಂಬ ಒಂದು ಸಾಲಿತ್ತು. ಆ ಒಂದು ಸಾಲನ್ನು ಯಾರೂ ಲಕ್ಷಿಸಿರಲಿಲ್ಲ. ಅದೊಂದು ಬಗೆಯ ಮಾಲೀಸು, ಅನುಕೂಲವಾದಾಗ ಮಾಡಿಸಿದರಾಯಿತು ಎಂದು ಅವರು ಭಾವಿಸಿದ್ದರು. ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಇದೇ ಭಾವನೆಯಿರುವುದರಿಂದ ಈ ತಿಂಗಳ ಅಂಕಣವನ್ನು ಈ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಮೆದುಳು ಮತ್ತೆ ಕಲಿಯುವ ಬಗೆ

ಮೆದುಳಿನ ರಕ್ತನಾಳ ಹೆಪ್ಪುಗಟ್ಟಿ ಮುಚ್ಚಿದಾಗ, ಇಲ್ಲವೆ ಒಡೆದಾಗ, ಅದನ್ನು ನಂಬಿದ ನರಕೋಶಗಳು ಸಾಯುತ್ತವೆ. 25 ವರ್ಷ ದಾಟಿದ ನಾಲ್ವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆ ಈ ಆಘಾತ ಸಂಭವಿಸಬಹುದೆಂದು ಜಾಗತಿಕ ಅಂದಾಜು. ಮುಖ ಒಂದು ಕಡೆಗೆ ಸೊಟ್ಟಗಾಗುವುದು, ಎತ್ತಿದ ಕೈ ಕುಸಿಯುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ಕಂಡರೂ ನಾಟಿ ಔಷಧವನ್ನು ಅರಸಿ ಹೊರಡದೆ ಮೆದುಳಿನ ಸ್ಕ್ಯಾನಿಂಗ್ ಸೌಕರ್ಯವಿರುವ ಆಸ್ಪತ್ರೆಗೆ ಧಾವಿಸತಕ್ಕದ್ದು. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ.

ಸತ್ತ ಕೋಶಗಳು ಮರಳಿ ಬಾರವು. ಆದರೆ ಉಳಿದ ಕೋಶಗಳು ತಮ್ಮತಮ್ಮೊಳಗೆ ಹೊಸ ಸಂಪರ್ಕಗಳನ್ನು ಬೆಳೆಸಿಕೊಂಡು, ಕಳೆದುಹೋದ ಕೆಲಸದ ಕೆಲವಂಶವನ್ನು ಕಲಿಯಬಲ್ಲವು. ಈ ಕಲಿಕೆ ತಾನಾಗಿ ಪೂರ್ಣವಾಗುವುದಿಲ್ಲ. ಮಗು ನಡೆಯಲು ಕಲಿಯುವಾಗ ಹೇಗೆ ನೂರು ಸಲ ಏಳುತ್ತದೆಯೋ, ಹಾಗೆ ಒಂದೇ ಚಲನೆಯನ್ನು ಮೇಲಿಂದ ಮೇಲೆ ಮಾಡಿದಾಗಲೇ ಮೆದುಳಿಗೆ ಅದರ ದಾರಿ ತಿಳಿಯುವುದು. ಬೇರೆಯವರು ಎತ್ತಿ ಆಡಿಸಿದ ಕೈಗೆ ಕೀಲು ಬಿಗಿಯದಿರುವ ಲಾಭವುಂಟು. ರೋಗಿ ತಾನೇ ಪ್ರಯತ್ನಿಸಿ ಆಡಿಸಿದ ಕೈಗೆ ಅದರ ಜೊತೆಗೆ ಕಲಿಕೆಯ ಲಾಭವೂ ಉಂಟು. ಮೊದಲ ಮೂರರಿಂದ ಆರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ. ಆ ಮೇಲೂ ಅದು ನಿಲ್ಲದು. ನಮ್ಮ ಪರಿಚಯದ ಹಿರಿಯರು ಪ್ರೀತಿಯ ಸೇವೆಯಲ್ಲಿ ಕಳೆದುಕೊಂಡದ್ದು ಈ ಮೊದಲ ತಿಂಗಳುಗಳಲ್ಲಿ ಎರಡನ್ನು.

ಹಾಗೆಂದು ಅವಸರವೂ ಸಲ್ಲದು. 2,104 ರೋಗಿಗಳನ್ನೊಳಗೊಂಡು 2015ರಲ್ಲಿ ಪ್ರಕಟವಾದ ‘ಅವರ್ಟ್’ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಆಘಾತವಾದ 24 ಗಂಟೆಗಳೊಳಗೇ ಹೆಚ್ಚು ಹೊತ್ತು ಎಬ್ಬಿಸಿ ನಡೆಸಿದವರಿಗೆ ಉಳಿದವರಿಗಿಂತ ಫಲ ಕಡಿಮೆಯೆಂದು ಕಂಡುಬಂದಿತು. ಆದುದರಿಂದ ಎಂದು ಎಬ್ಬಿಸಬೇಕು, ಎಷ್ಟು ಹೊತ್ತು ಎಂಬುದನ್ನು ವೈದ್ಯರೂ ಫಿಜಿಯೋಥೆರಪಿಸ್ಟರೂ ನಿರ್ಧರಿಸುವರು.

ಮನೆಯವರು ಅರಿತಿರಬೇಕಾದ ಕೆಲವು ಸಂಗತಿಗಳಿವೆ. ಹೊರಳಲಾರದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲವಾದರೆ ಬೆನ್ನಿಗೆ ಒತ್ತುಹುಣ್ಣು ಬರುತ್ತದೆ. ಸ್ವಾಧೀನ ತಪ್ಪಿದ ಕೈಯನ್ನು ಹಿಡಿದು ಎಂದಿಗೂ ಎಳೆದು ಎಬ್ಬಿಸಬಾರದು. ಬಲವಿಲ್ಲದ ಭುಜದ ಕೀಲು ಅದರಿಂದ ಜಾರಿ, ನೋವು ತಿಂಗಳುಗಟ್ಟಲೆ ಕಾಡುತ್ತದೆ. ಕುಳಿತಾಗ ಆ ಕೈಯ ಕೆಳಗೆ ದಿಂಬಿರಲಿ. ಮೆದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಕೆಲವರಿಗೆ ಎಡಗಡೆಯ ಜಗತ್ತೇ ಗಮನಕ್ಕೆ ಬಾರದು. ಗಂಗಾಳದ ಬಲಭಾಗದ ಅನ್ನವನ್ನು ಉಂಡು ಎಡಭಾಗದ್ದನ್ನು ಬಿಟ್ಟರೆ ಅದು ಹಟವಲ್ಲ, ರೋಗದ ಲಕ್ಷಣ. ಅಂಥವರನ್ನು ಮಾತನಾಡಿಸುವಾಗ ಅವರ ಗಮನವನ್ನು ಮೆಲ್ಲಮೆಲ್ಲನೆ ಎಡಕ್ಕೆ ಸೆಳೆಯುತ್ತಿರಬೇಕು.

ಒಂದು ನಿಂಬೆಹಣ್ಣಿನ ಕಥೆ

ನಮ್ಮ ಒತ್ತಾಯಕ್ಕೆ ಮಗನು ತಾಲೂಕು ಸ್ಥಳದಿಂದ ಫಿಜಿಯೋಥೆರಪಿಸ್ಟ್ ಒಬ್ಬರನ್ನು ಕರೆಸಿದನು. ಇಪ್ಪತ್ತೈದು ವರ್ಷದೊಳಗಿನ ತರುಣಿ. ಆಕೆ ಮೊದಲು ಕೇಳಿದ್ದು, “ಅಜ್ಜಾರ, ಈ ಕೈಲೆ ನೀವು ಏನು ಮಾಡಬೇಕಂತೀರಿ?” ಎಂದು. ಹಿರಿಯರು ಪೂಜೆಯ ಮಾತನ್ನೆತ್ತಿದರು. “ಹಂಗಾದರ ಅದನ್ನ ಕಲಿಯೂಣು” ಎಂದಳು ಆಕೆ.

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇರಿಸಿಕೊಂಡು ನಿರೀಕ್ಷಿಸುವುದು ನಮಗೆ ಸಹಜವಾಗಿ ತೋರುತ್ತದೆ. ಆದರೆ ಪಾರ್ಶ್ವವಾಯುವಾದ ಕೈ ಒಳಕ್ಕೆ ತಿರುಗಿ, ಬೆರಳುಗಳು ಮುಷ್ಟಿಯಾಗಿ ಬಿಗಿಯುವ ಸ್ವಭಾವದ್ದು. ಅಂಗೈಯನ್ನು ಮೇಲ್ಮುಖವಾಗಿ ಹೊರಳಿಸಿ ಬೆರಳು ಬಿಡಿಸುವುದೇ ಅದಕ್ಕೆ ಅತಿ ಕಷ್ಟದ ಕೆಲಸ. ಆಕೆ ಎದುರಿಗೆ ಒಂದು ಎತ್ತರದ ಮಣೆಯನ್ನಿರಿಸಿ, ಮಡಿಸಿದ ಬಟ್ಟೆಯ ಮೇಲೆ ಮುಂಗೈಯನ್ನು ಊರಿಸಿ, ಬಲಗೈಯ ನೆರವಿನಿಂದ ಎಡ ಅಂಗೈಯನ್ನು ತಿರುಗಿಸುವುದನ್ನು ಕಲಿಸಿದಳು. ಅಭ್ಯಾಸಕ್ಕೆ ಒಂದು ನಿಂಬೆಹಣ್ಣು. ಮೊದಲ ವಾರ ಅದು ನಿಮಿಷಕ್ಕೊಮ್ಮೆ ಉರುಳಿ ಬೀಳುತ್ತಿತ್ತು. ಮೊಮ್ಮಗನು ಹೆಕ್ಕಿ ಹೆಕ್ಕಿ ಕೊಡುತ್ತಿದ್ದನು. ದಿನಕ್ಕೆ ನಾಲ್ಕು ಹೊತ್ತು, ಹೊತ್ತಿಗೆ ಇಪ್ಪತ್ತು ಸಲ. ಇತ್ತ ನಿಲ್ಲುವ, ಭಾರವನ್ನು ಎಡಗಾಲಿಗೆ ಒಪ್ಪಿಸುವ, ಹೆಜ್ಜೆಯಿಡುವ ಅಭ್ಯಾಸವೂ ನಡೆಯಿತು. ಸೊಸೆಗೆ ತುತ್ತುಣಿಸುವುದನ್ನು ನಿಲ್ಲಿಸಲು ಹೇಳಿದಾಗ ಆಕೆ ಅತ್ತಳು. ಮಾವನವರು ಅನ್ನ ಚೆಲ್ಲಿಕೊಂಡು ಉಣ್ಣುವುದನ್ನು ನೋಡಿ ಸುಮ್ಮನಿರುವುದೂ ಸೇವೆಯೇ ಎಂಬುದು ಆ ಮನೆಗೆ ಅರ್ಥವಾಗಲು ಒಂದು ತಿಂಗಳು ಬೇಕಾಯಿತು.

ಇದೇ ತತ್ತ್ವದ ಮೇಲೆ ಇನ್ನೂ ಕೆಲವು ವಿಧಾನಗಳಿವೆ. ಸ್ವಲ್ಪವಾದರೂ ಚಲನೆ ಉಳಿದ ಕೈಯುಳ್ಳವರಿಗೆ, ಚೆನ್ನಾಗಿರುವ ಕೈಗೆ ದಿನದ ಬಹುಭಾಗ ಚೀಲ ತೊಡಿಸಿ, ದುರ್ಬಲ ಕೈಯಿಂದಲೇ ಕೆಲಸ ಮಾಡಿಸುವ ಪದ್ಧತಿಯನ್ನು ಅಮೆರಿಕದ ಎಡ್ವರ್ಡ್ ಟೌಬ್ ಅವರು ರೂಪಿಸಿದರು. 2006ರಲ್ಲಿ ಪ್ರಕಟವಾದ ‘ಎಕ್ಸೈಟ್’ ಅಧ್ಯಯನವು ಅದರ ಪ್ರಯೋಜನ ಒಂದು ವರ್ಷದ ತರುವಾಯವೂ ಉಳಿದಿತ್ತೆಂದು ತೋರಿಸಿತು. ಇಂಥವನ್ನು ಬಲ್ಲವರ ಮೇಲ್ವಿಚಾರಣೆಯಿಲ್ಲದೆ ಮಾಡಲಾಗದು.

ಮೊಣಕಾಲಿನ ಮೌನ

ಅದೇ ಮನೆಯಲ್ಲಿ ಇನ್ನೊಬ್ಬ ರೋಗಿಯಿದ್ದರು. ಅವರನ್ನು ರೋಗಿಯೆಂದು ಯಾರೂ ಎಣಿಸಿರಲಿಲ್ಲ. ಹಿರಿಯರ ಪತ್ನಿ. ನಲವತ್ತು ವರ್ಷ ನೆಲದ ಮೇಲೆ ಕುಳಿತು ರೊಟ್ಟಿ ಬಡಿದ ತಾಯಿ. ಎದ್ದೇಳುವಾಗ ಗೋಡೆ ಹಿಡಿಯುತ್ತಿದ್ದರು, ಮೆಟ್ಟಿಲನ್ನು ಒಂದೊಂದಾಗಿ ಇಳಿಯುತ್ತಿದ್ದರು. ಕೇಳಿದರೆ “ವಯಸ್ಸಾತಲ್ಲರಿ” ಎಂಬುದೊಂದೇ ಉತ್ತರ. ನಮ್ಮ ಮನೆಗಳ ತಾಯಂದಿರ ನೋವು ಹೀಗೆಯೇ ಮುಚ್ಚಿಹೋಗುತ್ತದೆ.

ಕೀಲು ಸವೆದಿದೆಯೆಂದು ಕಾಲನ್ನು ಕದಲಿಸದಿರುವುದು ತಪ್ಪು ಎಣಿಕೆ. ಮೊಣಕಾಲಿನ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವ, ಕೀಲು ಮಡಿಸಿ ಚಾಚುವಾಗ, ಅದಕ್ಕೆ ಆಹಾರವನ್ನು ಮುಟ್ಟಿಸುತ್ತದೆ. ತೊಡೆಯ ಮುಂಭಾಗದ ಸ್ನಾಯು ಬಲವಾದಷ್ಟೂ ಕೀಲಿನ ಹೊರೆ ಹಗುರಾಗುತ್ತದೆ. ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು, ಮೆಲ್ಲನೆ ಇಳಿಸುವುದು. ಹೀಗೆ ಹತ್ತು ಸಲ, ಬಳಿಕ ಇನ್ನೊಂದು ಕಾಲು. ಇದು ಬಹುಮಂದಿಗೆ ಹೊಂದುವ ಸರಳ ಆರಂಭ. ಮೈತೂಕ ಹೆಚ್ಚಿರುವವರು ಒಂದು ಕಿಲೋ ಇಳಿಸಿಕೊಂಡರೆ, ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ. ಊರುಗೋಲನ್ನು ನೋವಿರುವ ಕಾಲಿನ ಕಡೆಯ ಕೈಯಲ್ಲಲ್ಲ, ಅದರ ಎದುರು ಕೈಯಲ್ಲಿ ಹಿಡಿಯಬೇಕು. ಕೈಯಿಳಿಬಿಟ್ಟು ನಿಂತಾಗ ಅದರ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆ ಆದವರಿಗೂ ಬಳಿಕದ ವ್ಯಾಯಾಮವಿಲ್ಲದೆ ಪೂರ್ಣ ಫಲ ದೊರೆಯದು.

ಬೀಳದಿರಲಿ ಹಿರಿಯರು

65 ವರ್ಷ ದಾಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಒಮ್ಮೆ ಬಿದ್ದವರು ಮತ್ತೆ ಬೀಳುವ ಭಯದಿಂದ ಮೂಲೆ ಹಿಡಿಯುತ್ತಾರೆ. ಮೂಲೆ ಹಿಡಿದ ಕಾಲು ಇನ್ನಷ್ಟು ಸೊರಗಿ, ಮತ್ತೆ ಬೀಳಿಸುತ್ತದೆ. ನ್ಯೂಜಿಲೆಂಡಿನಲ್ಲಿ ರೂಪುಗೊಂಡ ‘ಒಟಾಗೊ’ ಎಂಬ ಮನೆಯ ವ್ಯಾಯಾಮಕ್ರಮವು, ಕಾಲಿನ ಬಲ ಮತ್ತು ಸಮತೋಲನದ ಅಭ್ಯಾಸದಿಂದ, ಬೀಳುವಿಕೆಯನ್ನು ಮೂರರಲ್ಲೊಂದು ಪಾಲಿನಷ್ಟು ತಗ್ಗಿಸಿತು. ಬಚ್ಚಲಲ್ಲಿ ಹಿಡಿಕೆ, ರಾತ್ರಿ ನಡೆಯುವ ದಾರಿಯಲ್ಲಿ ದೀಪ, ಒದ್ದೆಯಾಗದ ನೆಲ, ಎತ್ತರದ ಶೌಚದ ಕುರ್ಚಿ, ಇವು ದೊಡ್ಡ ಖರ್ಚಿನ ಮಾತುಗಳಲ್ಲ.

ಮಗ್ಗುಲು ಹೊರಳಿದಾಗ, ಮೇಲೆ ನೋಡಿದಾಗ, ಕೆಲವು ಕ್ಷಣ ಮನೆಯೇ ತಿರುಗಿದಂತಾಗುವ ತಲೆಸುತ್ತು ಇನ್ನೊಂದು ಬಗೆಯದು. ಒಳಗಿವಿಯ ಸೂಕ್ಷ್ಮ ಸುಣ್ಣದ ಹರಳುಗಳು ತಮ್ಮ ಸ್ಥಾನ ತಪ್ಪಿ, ಅರ್ಧವೃತ್ತದ ನಾಳಗಳೊಳಗೆ ಸೇರುವುದರಿಂದ ಇದು ಬರುತ್ತದೆ. ತಲೆಯನ್ನು ಕ್ರಮವಾಗಿ ಹೊರಳಿಸಿ ಆ ಹರಳುಗಳನ್ನು ಹಿಂದಕ್ಕೆ ಕಳಿಸುವ ಕ್ರಮವನ್ನು ಅಮೆರಿಕದ ವೈದ್ಯ ಜಾನ್ ಎಪ್ಲಿ ಅವರು 1992ರಲ್ಲಿ ಪ್ರಕಟಿಸಿದರು. ಬಲ್ಲವರು ಮಾಡಿದರೆ ಎಷ್ಟೋ ಮಂದಿಗೆ ಒಂದೆರಡು ಸಲದಲ್ಲೇ ಗುಣ ಕಾಣುವುದು. ಆದರೆ ತಲೆಸುತ್ತಿನೊಡನೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಅದು ಪಾರ್ಶ್ವವಾಯು ಇರಬಹುದು, ತಡಮಾಡಲಾಗದು.

ಜೇಮ್ಸ್ ಪಾರ್ಕಿನ್‌ಸನ್ ಅವರು 1817ರಲ್ಲಿ ವರ್ಣಿಸಿದ ಕಂಪವಾತದಲ್ಲಿ, ರೋಗಿಯ ಕಾಲು ಹೊಸ್ತಿಲಿನಲ್ಲಿ ನೆಲಕ್ಕೆ ಅಂಟಿದಂತೆ ನಿಲ್ಲುವುದುಂಟು. ಆಗ ದೂಡದೆ, ಎಳೆಯದೆ, “ಒಂದು, ಎರಡು” ಎಂದು ಎಣಿಸಿದರೆ, ಅಥವಾ ನೆಲದ ಮೇಲೆ ಬಣ್ಣದ ಅಡ್ಡಗೆರೆಗಳನ್ನೆಳೆದು ಅವನ್ನು ದಾಟಲು ಹೇಳಿದರೆ, ನಿಂತ ಕಾಲು ಎಷ್ಟೋ ವೇಳೆ ಮುಂದೆ ಸಾಗುತ್ತದೆ.

ಎಲ್ಲಿ, ಯಾರಲ್ಲಿ?

ಜಿಲ್ಲಾ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ವಿಭಾಗವಿದೆ. 1916ರಲ್ಲಿ ಏಳು ಮಂದಿ ಶಿಕ್ಷಕರ ತ್ಯಾಗದಿಂದ ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆಯೂ, ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವೂ ಫಿಜಿಯೋಥೆರಪಿ ಕಾಲೇಜುಗಳನ್ನು ನಡೆಸುತ್ತಿರುವುದು ನಮ್ಮ ಸಮಾಜಕ್ಕೆ ಅಭಿಮಾನದ ವಿಷಯ. ಮನೆಗೆ ಬರುವವರು ಬಿ.ಪಿ.ಟಿ. ಪದವೀಧರರೇ ಎಂದು ಕೇಳಿ ತಿಳಿಯುವುದರಲ್ಲಿ ಸಂಕೋಚ ಬೇಡ. ಈ ವೃತ್ತಿಯೂ ಸೇರಿದಂತೆ ಆರೋಗ್ಯ ವೃತ್ತಿಗಳ ಶಿಕ್ಷಣ ಮತ್ತು ನೋಂದಣಿಗಾಗಿ 2021ರಲ್ಲಿ ಕೇಂದ್ರ ಕಾನೂನೂ ಬಂದಿದೆ. 1996ರಿಂದ ಸೆಪ್ಟೆಂಬರ್ 8ನ್ನು ವಿಶ್ವ ಫಿಜಿಯೋಥೆರಪಿ ದಿನವಾಗಿ ಆಚರಿಸಲಾಗುತ್ತಿದೆ. ಆ ದಿನ ನಮ್ಮ ಮಠಗಳಲ್ಲಿ, ಸಮಾಜದ ಭವನಗಳಲ್ಲಿ ಹಿರಿಯರ ತಪಾಸಣೆಯ ಶಿಬಿರವನ್ನೇಕೆ ಏರ್ಪಡಿಸಬಾರದು? ಕಲ್ಯಾಣ ಮಂಟಪದ ಮೆಟ್ಟಿಲಿಗೊಂದು ಕಂಬಿ, ಪ್ರಸಾದದ ಪಂಕ್ತಿಯಲ್ಲಿ ನಾಲ್ಕು ಕುರ್ಚಿ, ಬಡವರಿಗೆ ಎರವಲು ಕೊಡಲು ಎರಡು ವಾಕರು, ಒಂದು ಗಾಲಿಕುರ್ಚಿ. ಇದೂ ದಾಸೋಹವೇ ಅಲ್ಲವೆ?

ಕಾಯವೆಂಬ ಮಾತಿನಿಂದಲೇ ಕಾಯಕವೆಂಬ ಮಾತು ಬಂದಿದೆ. ದೇಹವನ್ನೇ ಗುಡಿಯೆಂದು ಬಗೆದ ಶರಣರ ಮಕ್ಕಳು ನಾವು. ಹಿರಿಯರ ಕೈಯಿಂದ ಎಲ್ಲ ಕೆಲಸವನ್ನೂ ಕಸಿದುಕೊಂಡು, ಅದನ್ನೇ ಭಕ್ತಿಯೆಂದು ತಿಳಿಯುವುದು ಅವರ ಕಾಯಕಕ್ಕೆ ಕುಂದು ತಂದಂತೆ.

ಕಳೆದ ತಿಂಗಳು ಆ ಮನೆಗೆ ಮತ್ತೆ ಹೋಗಿದ್ದೆವು. ಹಿರಿಯರು ಕೋಲೂರಿ ಪಡಸಾಲೆಯವರೆಗೆ ಬಂದರು. ಎಡಗೈ ಮೊದಲಿನಂತಾಗಿಲ್ಲ, ಆಗುವುದೆಂದು ಯಾರೂ ಅವರಿಗೆ ಹೇಳಿಯೂ ಇಲ್ಲ. ಕುರ್ಚಿಯಲ್ಲಿ ಕುಳಿತು, ಮಣೆಯ ಮೇಲೆ ಮುಂಗೈಯೂರಿ, ಬಲಗೈಯ ಆಸರೆಯಲ್ಲಿ ಪೂಜಿಸಬಹುದೇ ಎಂದು ಊರಿನ ಮಠದ ಅಯ್ಯನವರನ್ನು ಕೇಳಿದ್ದರಂತೆ. “ಭಾವ ನೆಟ್ಟಗಿದ್ದರ ಕೈಗೆ ಆಸರೆ ಇದ್ದರೇನ ತಪ್ಪು?” ಎಂದರಂತೆ ಅಯ್ಯನವರು. ನಾವಿದ್ದಂತೆಯೇ ಪೂಜೆಗೆ ಕುಳಿತರು. ಐದಾರು ನಿಮಿಷ ಲಿಂಗವು ಆ ಎಡ ಅಂಗೈಯಲ್ಲಿ ನಿಂತಿತ್ತು. ಅವರ ಪತ್ನಿ ಪಕ್ಕದ ಕುರ್ಚಿಯಲ್ಲಿ ಕುಳಿತು, ಒಂದೊಂದೇ ಕಾಲನ್ನು ಚಾಚಿ, ಬೆರಳು ಮಡಿಸಿ ಎಣಿಸುತ್ತಿದ್ದರು.