‘ನಾನು’ ಅಂದರಷ್ಟೇ ನಿಜವೇ?

ಕಲ್ಮಲದಂಥ ಊರಿನ ಕಥೆಯನ್ನು ‘ನಾನು’ ಎಂದೇ ಬರೆಯಬೇಕು, ಇಲ್ಲದಿದ್ದರೆ ಹೊರಗಿನವರು ಬರೆದಂಗಾಗ್ತದ ಎನ್ನುವ ಕಥೆಗಾರ ಗೆಳೆಯರು ನಮ್ಮ ಕಡೆ ಹೆಚ್ಚುತ್ತಿದ್ದಾರೆ. ಊರ ಮಾತು ಉಳಿಯಲು ‘ನಾನು’ ಬೇಕೇಬೇಕು ಎಂಬುದು ಅವರ ಮೊದಲ ವಾದ. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ನಂಜನಗೂಡು ಸೀಮೆಯ ಮಾತಿನಲ್ಲೇ ಉಸಿರಾಡುತ್ತದೆ. ಆದರೂ ಇಡೀ ಕಥೆಯನ್ನು ಹೊತ್ತು ನಡೆಯುವ ‘ನಾನು’ ಅಲ್ಲಿಲ್ಲ. ‘ಕರ್ವಾಲೊ’ ಕಾದಂಬರಿಯಲ್ಲಿ ‘ನಾನು’ ಇದೆ, ನಿಜ. ಆದರೆ ಆ ‘ನಾನು’ ವಿಜ್ಞಾನಿ ಕರ್ವಾಲೊ ಅಲ್ಲ, ಹಳ್ಳಿಯ ಮಂದಣ್ಣನೂ ಅಲ್ಲ. ಏನೂ ತಿಳಿಯದೆ ಅವರ ಹಿಂದೆ ಹೋಗುವವನು. ಕರ್ವಾಲೊ ತಾನೇ ಹೇಳಿದ್ದರೆ ನಮಗೆ ಸಿಗುತ್ತಿದ್ದದ್ದು ಜೀವಶಾಸ್ತ್ರದ ಪಾಠ.

ಎಲ್ಲ ಬಲ್ಲ ನಿರೂಪಕನದು ಗೌಡಿಕೆಯ ಗತ್ತು, ಅದರ ಕಾಲ ಮುಗಿಯಿತು ಎನ್ನುವವರು ‘ಮಲೆಗಳಲ್ಲಿ ಮದುಮಗಳು’ (1967) ಮತ್ತೊಮ್ಮೆ ಓದಲಿ. ಗೌಡರ ಮನಸ್ಸಿಗೆ ಇಳಿದಷ್ಟೇ ಸಲೀಸಾಗಿ ಆ ನಿರೂಪಕ ಜೀತದಾಳಿನ ಮನಸ್ಸಿಗೂ ಇಳಿಯುತ್ತಾನೆ, ಹುಲಿಯ ಎಂಬ ನಾಯಿಯನ್ನೂ ಬಿಡುವುದಿಲ್ಲ. ಇದು ಯಾವ ಸೀಮೆಯ ಗೌಡಿಕೆ?

ನಡುವೆ ನೋಟ ಬದಲಿಸುವುದು ದೋಷ ಎಂಬ ಮೂರನೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ಒಂದೇ ಪ್ಯಾರಾದಲ್ಲಿ ಮೂವರ ತಲೆಯೊಳಗೆ ಹೊಕ್ಕು ಬರುವುದು ಬರೀ ಅಜಾಗರೂಕತೆ. ಆದರೆ ಮಾನ್ವಿ ಸೀಮೆಯವರೇ ಆದ ಅಮರೇಶ ನುಗಡೋಣಿಯವರ ‘ಸವಾರಿ’ಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ತೆಗೆದ ‘ಕನಸೆಂಬೋ ಕುದುರೆಯನೇರಿ’ ನೆನೆಯಿರಿ. ಸಿದ್ಧ ಕನಸಿಗೆ ಬಂದರೆ ಊರಲ್ಲಿ ಸಾವು ಖಚಿತ ಎಂದು ನಂಬಿದ ಕುಣಿ ತೋಡುವ ಈರ್ಯ. ಸಾವನ್ನು ಮುಚ್ಚಿಡುವ ವಾಡೆ. ಒಂದೇ ಘಟನೆ ಎರಡೂ ಕಡೆಯಿಂದ ಕಾಣುತ್ತದೆ. ಈರ್ಯನ ಕಡೆಯಿಂದ ಮಾತ್ರ ಕಂಡಿದ್ದರೆ ಅವನ ಕನಸು ಸುಳ್ಳಾಯಿತೆಂದೇ ನಂಬುತ್ತಿದ್ದೆವು. ವಾಡೆಯಿಂದ ಮಾತ್ರ ಕಂಡಿದ್ದರೆ ಆ ಸುಳ್ಳು ಯಾರ ನಂಬಿಕೆಯನ್ನು ಮುರಿಯಿತೆಂಬುದೇ ತಿಳಿಯುತ್ತಿರಲಿಲ್ಲ.

ನಮ್ಮದೇ ಒಂದು ಕಥೆ ಊಹಿಸೋಣ. ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗಕ್ಕೆ ನೀರು ಬಂದಿಲ್ಲ. ರಾತ್ರಿ ಮೇಲ್ಭಾಗದಲ್ಲಿ ಯಾರೋ ಗೇಟು ಎತ್ತಿದ್ದಾರೆ. ಒಣಗಿದ ಗದ್ದೆಯ ರೈತ ಹೇಳಿದರೆ ನಾಲೆ ಕಾಯುವ ಗ್ಯಾಂಗ್‌ಮನ್‌ನ ಮೌನ ಲಂಚದಂತೆ ಕಾಣುತ್ತದೆ. ಗ್ಯಾಂಗ್‌ಮನ್ನೇ ಹೇಳಿದರೆ ಬಾರದ ಪಗಾರ, ಕತ್ತಲಲ್ಲಿ ಕಂಡ ಮುಖ, ಆ ಮುಖದ ಭಯ ಎಲ್ಲವೂ ಬರುತ್ತವೆ. ಆಗ ಗೇಟು ಎತ್ತಿದವರಾರು ಎಂಬ ಕುತೂಹಲ ಉಳಿಯುವುದಿಲ್ಲ, ಇವನು ಬಾಯಿ ಬಿಡುತ್ತಾನೋ ಇಲ್ಲವೋ ಎಂಬುದೇ ಕಥೆಯಾಗುತ್ತದೆ. ಯಾರು ಹೇಳಬೇಕೆಂದು ಗೊತ್ತುಮಾಡುವ ಮೊದಲು, ಏನನ್ನು ಯಾರಿಂದ ಮುಚ್ಚಿಡಲಾಗಿದೆ ಎಂದು ಕೇಳಿಕೊಳ್ಳಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಓದುಗರಿಗೆ ಇದೆಲ್ಲ ಗೊತ್ತೇ ಆಗುವುದಿಲ್ಲ ಎನ್ನುವವರೂ ಇದ್ದಾರೆ. ಈ ತಂತ್ರದ ಹೆಸರು ಗೊತ್ತಾಗದಿರಬಹುದು. ಆದರೆ ಕಟ್ಟೆಯ ಮೇಲೆ ಯಾರಾದರೂ ಸುದ್ದಿ ಹೇಳತೊಡಗಿದರೆ, ‘ನೀ ಅಲ್ಲಿ ಇದ್ದಿದ್ದೇನು?’ ಎಂದು ನಮ್ಮೂರಿನ ಮುದುಕಿಯರು ತಟ್ಟನೆ ಕೇಳುತ್ತಾರೆ.