ನಮ್ಮ ಲೆಕ್ಕ ಬೇಕಾದವರು ಘಾಟಿ ಹತ್ತಿ ಬರಲಿ!

ಬೆಂಗಳೂರಿನ ಪೀಜಿಯಲ್ಲಿ, ಮೈಸೂರಿನ ಹಾಸ್ಟೆಲಿನಲ್ಲಿ ಕೂತು ಇದನ್ನು ಓದುತ್ತಿರುವ ಕನ್ನಡದ ಗೆಳೆಯರೇ, ನಿಮ್ಮೂರು ಕಳಸವೋ ಮೂಡಿಗೆರೆಯೋ ಆಲ್ದೂರೋ ಆಗಿದ್ದರೆ ಈಗಲೇ ಅಮ್ಮನಿಗೆ ಒಂದು ಫೋನು ಮಾಡಿ. ಮೊದಲ ಸಲಕ್ಕೇ ಸಿಕ್ಕರೆ ನೀವು ಪುಣ್ಯವಂತರು. "ಇರು ಮಗಾ, ಅಂಗಳಕ್ಕೆ ಬರ್ತೀನಿ, ಒಳಗೆ ನೆಟ್‌ವರ್ಕ್ ಸಿಗಲ್ಲ" ಎಂಬ ಮಾತು ಮಲೆನಾಡಿನ ಮಕ್ಕಳಿಗೆಲ್ಲ ಬಾಯಿಪಾಠ. ಈಗ ಅದೇ ಅಮ್ಮನಿಗೆ ಸರ್ಕಾರ ಹೇಳುತ್ತಿದೆ: ತಾಯೀ, ವೆಬ್‌ಸೈಟಿಗೆ ಹೋಗಿ ನಿಮ್ಮ ಲೆಕ್ಕ ನೀವೇ ಬರೆದುಕೊಳ್ಳಿ!

2027ರ ಜನಗಣತಿ ಈ ದೇಶದ ಮೊದಲ ಡಿಜಿಟಲ್ ಖಾನೇಸುಮಾರಿ. 2025ರ ಜೂನ್ 16ರಂದು ಅಧಿಸೂಚನೆ ಹೊರಬಿತ್ತು. ಮನೆಪಟ್ಟಿಗೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್, ತಲೆ ಎಣಿಕೆಗೆ 2027ರ ಫೆಬ್ರವರಿ ಎಂದು ಗೊತ್ತುಮಾಡಿದರು. ಮೊದಲು ಜನರೇ ವೆಬ್‌ಸೈಟಿನಲ್ಲಿ ತುಂಬಬಹುದು, ಆಮೇಲೆ ಗಣತಿದಾರರು ಮೊಬೈಲು ಹಿಡಿದು ಮನೆಗೆ ಬರುತ್ತಾರೆ. ಕೇಳಲು ಚೆಂದ. ಬೇಡ ಎನ್ನುವಷ್ಟು ಹಳಬರು ನಾವಲ್ಲ. ಆದರೆ ಸ್ವಾಮಿ, ಈ ಚೆಂದ ಯಾರಿಗೆ?

ಫೆಬ್ರವರಿ ಅಂದರೆ ಏನು ಗೊತ್ತೇ?

ದಿಲ್ಲಿಯ ಬಾಬುಗಳಿಗೆ ಫೆಬ್ರವರಿ ಒಂದು ತಿಂಗಳು. ನಮಗೆ ಅದು ರೊಬಸ್ಟಾ ಕೊಯ್ಲು. ಬೆಳಗ್ಗೆ ತೋಟಕ್ಕೆ ಹೋದವರು ಮನೆ ಸೇರುವಾಗ ಕತ್ತಲು. ಹಗಲು ಬಾಗಿಲು ತಟ್ಟಿದರೆ ನಾಯಿ ಬೊಗಳುತ್ತದೆ, ಅಷ್ಟೇ. ಎಸ್ಟೇಟಿನ ಲೈನುಮನೆಗಳಲ್ಲಿ ತಮಿಳುನಾಡಿನಿಂದ ತಲೆಮಾರುಗಳ ಹಿಂದೆ ಬಂದವರಿದ್ದಾರೆ, ನಿನ್ನೆ ಮೊನ್ನೆ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಇವರಲ್ಲಿ ಎಷ್ಟು ಜನ ವೆಬ್‌ಸೈಟು ತೆರೆದು ಕೂರುತ್ತಾರೆ? ಇವರ ಲೆಕ್ಕವನ್ನು ರೈಟರ ಬಾಯಿಮಾತಿನಲ್ಲಿ ಬರೆದುಕೊಂಡು ಹೋದರೆ ಅದು ಗಣತಿಯೋ, ಮಸ್ಟರ್ ರೋಲೋ?

ನಮ್ಮ ಜಿಲ್ಲೆಗೆ ಒಂದು ತಲೆ ತಪ್ಪಿದರೂ ದುಬಾರಿ. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನ 11,40,905. 2011ರಲ್ಲಿ 11,37,961. ಇಡೀ ಕರ್ನಾಟಕದಲ್ಲಿ ಆ ಹತ್ತು ವರ್ಷದಲ್ಲಿ ಜನಸಂಖ್ಯೆ ಇಳಿದದ್ದು ನಮ್ಮ ಜಿಲ್ಲೆಯಲ್ಲಿ ಮಾತ್ರ. ಕಾಫಿ ಬೆಲೆ ನೆಲಕಚ್ಚಿದ ವರ್ಷಗಳನ್ನೂ ಈ ಜಿಲ್ಲೆ ಅದೇ ಹೊತ್ತಿನಲ್ಲಿ ಕಂಡಿತು, ಮಕ್ಕಳು ಘಾಟಿ ಇಳಿದದ್ದನ್ನೂ ಕಂಡಿತು. ಶಾಲೆ, ಆಸ್ಪತ್ರೆ, ಕ್ಷೇತ್ರ ಎಲ್ಲವೂ ತಲೆ ಲೆಕ್ಕದ ಮೇಲೆಯೇ ನಿಂತಿವೆ. ಇರುವವರನ್ನೂ ಎಣಿಸದೆ ಬಿಟ್ಟರೆ ನಾಳೆ ಕೇಳಲು ನಮ್ಮ ಕೈಯಲ್ಲಿ ಏನಿರುತ್ತದೆ?

ನಮ್ಮದೇ ಸರ್ಕಾರದ ಪಾಠ

ದಿಲ್ಲಿಯನ್ನಷ್ಟೇ ಬೈದು ಕೂರುವುದು ಸುಲಭ. ನಮ್ಮ ಮನೆಯದೇನು? 2015ರಲ್ಲಿ ಕಾಂತರಾಜ ಆಯೋಗ ಶಿಕ್ಷಕರ ಕೈಗೆ ಕಾಗದ ಕೊಟ್ಟು ಸಮೀಕ್ಷೆ ಮಾಡಿಸಿತು. "ನಮ್ಮ ಮನೆಗೆ ಬಂದೇ ಇಲ್ಲ" ಎಂಬ ಕೂಗು ಹತ್ತು ವರ್ಷ ನಿಲ್ಲಲಿಲ್ಲ. 2025ರ ಮೇ ತಿಂಗಳಲ್ಲಿ ನಾಗಮೋಹನದಾಸ್ ಆಯೋಗ ಪರಿಶಿಷ್ಟ ಜಾತಿಗಳ ಸಮೀಕ್ಷೆಗೆ ಮೂರು ದಾರಿ ತೆರೆಯಿತು: ಮನೆಮನೆ ಭೇಟಿ, ಶಿಬಿರ, ಆನ್‌ಲೈನ್. ದಾರಿ ಮೂರಿದ್ದರೂ ರಾಜಧಾನಿಯಲ್ಲೇ ಜನರನ್ನು ಹಿಡಿಯುವುದು ಕಷ್ಟವಾಯಿತು. ಒಂದೂ ಪ್ರಶ್ನೆ ಕೇಳದೆ ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿ ಹೋದರೆಂಬ ದೂರು ಬೇರೆ.

2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತು. ಅರವತ್ತು ಪ್ರಶ್ನೆ, ಮೊಬೈಲ್ ಆ್ಯಪ್, ಕರೆಂಟು ಮೀಟರಿನ ಲೆಕ್ಕದಲ್ಲಿ ಮನೆ ಗುರುತು. ಪಟ್ಟಣದ ಮನೆಗೆ ಸರಿ. ಲೈನುಮನೆಗೆ? ಮೀಟರು ಎಸ್ಟೇಟಿನ ಹೆಸರಿನಲ್ಲಿದ್ದರೆ, ಒಂದೇ ಮೀಟರಿನಡಿ ನಾಲ್ಕು ಒಲೆ ಉರಿಯುತ್ತಿದ್ದರೆ ಎಷ್ಟು ಮನೆ ಎಂದು ಬರೆಯುವುದು? ಸರ್ವರ್ ಕೈಕೊಟ್ಟಿತು, ನೆಟ್‌ವರ್ಕ್ ಸಿಗಲಿಲ್ಲ, ದಿನ ಮುಂದಕ್ಕೆ ಹೋಯಿತು, ಮಕ್ಕಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಬೈಸಿಕೊಂಡವರು ಮಾತ್ರ ಮಳೆಯಲ್ಲಿ ನೆಂದ ಮೇಷ್ಟರು!

ಹೊರಗಿನವರು ಏನು ಮಾಡಿದರು?

ವೆಬ್ಬು, ಫೋನು, ಅಂಚೆ, ಮನೆಭೇಟಿ ಬೆರೆಸುವುದು ಪಾಪವಲ್ಲ. 2020ರಲ್ಲಿ ಅಮೆರಿಕದವರು ಮೊದಲು ಅಂಚೆಯಲ್ಲಿ ಕಾಗದ ಹಾಕಿದರು. ಬೇಕಾದವರು ವೆಬ್ಬಿನಲ್ಲಿ ತುಂಬಿದರು, ಬೇಕಾದವರು ಫೋನಿನಲ್ಲಿ ಹೇಳಿದರು, ಬೇಡ ಎಂದವರಿಗೆ ಕಾಗದದ ಫಾರಮ್ಮೇ ಇತ್ತು. ಇಷ್ಟೆಲ್ಲ ಮಾಡಿದರೂ ತಾವಾಗಿ ಉತ್ತರ ಕೊಟ್ಟ ಮನೆಗಳು ನೂರಕ್ಕೆ ಸುಮಾರು 67. ಉಳಿದವರ ಬಾಗಿಲಿಗೆ ಮನುಷ್ಯರೇ ಹೋಗಬೇಕಾಯಿತು. ಆಸ್ಟ್ರೇಲಿಯಾದಲ್ಲಿ 2016ರ ಆಗಸ್ಟ್ 9ರ ರಾತ್ರಿ, ಸರಿಯಾಗಿ ಗಣತಿಯ ದಿನವೇ, ವೆಬ್‌ಸೈಟು ಮುಚ್ಚಿಹೋಯಿತು. ಮತ್ತೆ ತೆರೆಯಲು ಸುಮಾರು ನಲವತ್ತು ಗಂಟೆ ಬೇಕಾಯಿತು. ಅವರ ಕಥೆಯೇ ಹೀಗಾದರೆ ಸಂಸೆಯ, ಬಾಳೆಹೊಳೆಯ ಕಥೆ ಏನು?

ಇನ್ನೊಂದು ಸೂಕ್ಷ್ಮವಿದೆ. ಒಂದೇ ಪ್ರಶ್ನೆಗೆ ಒಬ್ಬನೇ ಮನುಷ್ಯ ಎರಡು ಉತ್ತರ ಕೊಡುತ್ತಾನೆ. ಎದುರಿಗೆ ಊರಿನ ಮೇಷ್ಟರು ಕೂತರೆ ಸಾಲ ಮುಚ್ಚಿಡುತ್ತಾನೆ. ಒಬ್ಬನೇ ಪರದೆ ಮುಂದೆ ಕೂತರೆ ಮೊದಲು ಕಂಡದ್ದನ್ನು ಒತ್ತಿ ಮುಗಿಸುತ್ತಾನೆ. ಪಟ್ಟಣದವರ ಲೆಕ್ಕ ಒಂದು ದಾರಿಯಲ್ಲಿ, ಬೆಟ್ಟದವರ ಲೆಕ್ಕ ಇನ್ನೊಂದು ದಾರಿಯಲ್ಲಿ ಬಂದರೆ, ಕಂಡ ವ್ಯತ್ಯಾಸ ಜನರದ್ದೋ ದಾರಿಯದ್ದೋ? ಹೇಳುವವರು ಯಾರು?

ಮಾತೃಭಾಷೆಯ ಖಾನೆ

ಇಲ್ಲಿ ಕನ್ನಡಿಗರು ಕಣ್ಣು ಬಿಡಬೇಕು. 2001ರಲ್ಲಿ ದೇಶದ ನೂರು ಜನರಲ್ಲಿ 3.69 ಮಂದಿ ಕನ್ನಡ ಮಾತೃಭಾಷೆಯವರು. 2011ರಲ್ಲಿ 3.61. ಅದೇ ಹೊತ್ತಿಗೆ ಹಿಂದಿ 41.03ರಿಂದ 43.63ಕ್ಕೆ ಏರಿತು. 2011ರ ಭಾಷಾ ಲೆಕ್ಕ ಹೊರಬಿದ್ದದ್ದು 2018ರಲ್ಲಿ, ಏಳು ವರ್ಷ ತಡವಾಗಿ. ಆ ಖಾನೆಯಲ್ಲಿ ಒಮ್ಮೆ ತಪ್ಪಿದರೆ ಹತ್ತು ಹದಿನೈದು ವರ್ಷ ತಿದ್ದಲಾಗದು.

ನಿಯಮ ಸರಳ. ಮಗುವಾಗಿದ್ದಾಗ ತಾಯಿ ಆಡಿದ ಮಾತೇ ಮಾತೃಭಾಷೆ. ಜಾತಿ, ಧರ್ಮ, ಹೆಸರು ನೋಡಿ ಊಹಿಸುವಂತಿಲ್ಲ. ನಮ್ಮ ಬೆಟ್ಟದಲ್ಲಿ ಮನೆಯೊಳಗೆ ತುಳು, ಕೊಂಕಣಿ, ಬ್ಯಾರಿ, ಪೇಟೆಯಲ್ಲಿ ಕನ್ನಡ. ತುಳುವರ ಮನೆಯಲ್ಲಿ ತುಳು ಎಂದೇ ಬರೆಯಲಿ, ಅಸ್ಸಾಮಿನವನ ಮನೆಯಲ್ಲಿ ಅವನ ಭಾಷೆಯೇ ಬರೆಯಲಿ. ಕಳ್ಳ ಲೆಕ್ಕದಲ್ಲಿ ಕನ್ನಡ ಬೆಳೆಯಬೇಕಾಗಿಲ್ಲ. ಆದರೆ ಕನ್ನಡದವಳ ಹೆಸರು ನೋಡಿ ಉರ್ದು ಎಂದು ಒತ್ತಿ ಮುಂದೆ ಹೋದರೆ ನಾವು ಸುಮ್ಮನಿರಬೇಕೇ?

ನಮ್ಮ ಬೇಡಿಕೆ

ಬೆಟ್ಟದ ತಾಲೂಕುಗಳಲ್ಲಿ ಮನೆಭೇಟಿಯೇ ಮೊದಲ ದಾರಿಯಾಗಲಿ, ವೆಬ್ಬು ಅನುಕೂಲವಾಗಿ ಇರಲಿ. ನೆಟ್‌ವರ್ಕ್ ಇಲ್ಲದೆಡೆ ಬರೆದುಕೊಳ್ಳಲು ಚೀಲದಲ್ಲಿ ಕಾಗದವಿರಲಿ. ಗಣತಿದಾರರು ಬರುವ ದಿನ ತಿಳಿಸುವ ಕನ್ನಡದ ಕಾಗದವನ್ನು ಅಂಚೆಯಣ್ಣ ಮೊದಲೇ ತಲುಪಿಸಲಿ. ಸಹಾಯವಾಣಿ ಎತ್ತಿದ ಕೂಡಲೇ ಕನ್ನಡ ಕೇಳಲಿ. ಲೈನುಮನೆಗಳಿಗೆ ಸಂಜೆ ಹೋಗಲಿ, ರಜೆಯ ದಿನ ಹೋಗಲಿ. ಯಾವ ತಾಲೂಕಿನಲ್ಲಿ ಎಷ್ಟು ಮನೆ ಯಾವ ದಾರಿಯಲ್ಲಿ ಎಣಿಕೆಯಾಯಿತು ಎಂಬುದನ್ನು ಬಹಿರಂಗ ಮಾಡಲಿ.

ನಿಮಗೂ ಕೆಲಸವಿದೆ ಗೆಳೆಯರೇ. ನೀವು ಬೆಂಗಳೂರಿನಲ್ಲಿ ವಾಸವಿದ್ದರೆ ನಿಮ್ಮ ಲೆಕ್ಕ ಅಲ್ಲೇ ಕೊಡಿ. ಊರಿನಲ್ಲಿ ಅಪ್ಪ ಪ್ರೀತಿಯಿಂದ ನಿಮ್ಮ ಹೆಸರನ್ನೂ ಬರೆಸಿದರೆ ಒಬ್ಬರೇ ಇಬ್ಬರಾಗುತ್ತೀರಿ. ಅದೂ ಕಳ್ಳ ಲೆಕ್ಕವೇ. ವೆಬ್ಬಿನಲ್ಲಿ ತುಂಬಿದರೆ ಸಿಗುವ ಸಂಖ್ಯೆಯನ್ನು ಜೋಪಾನವಾಗಿಟ್ಟು ಗಣತಿದಾರರಿಗೆ ತೋರಿಸಿ. ನೀವು ಕೊಟ್ಟ ವಿವರವನ್ನು ಗುಟ್ಟಾಗಿಡಬೇಕೆಂದು 1948ರ ಜನಗಣತಿ ಕಾಯ್ದೆಯೇ ಹೇಳುತ್ತದೆ ಎಂದು ಮನೆಯ ಹಿರಿಯರಿಗೆ ಧೈರ್ಯ ಹೇಳಿ. ಬರೆದದ್ದನ್ನು ಒಮ್ಮೆ ಓದಿ ಹೇಳಿ ಎಂದು ಕೇಳಲು ಅಮ್ಮನಿಗೆ ಕಲಿಸಿ, ಅದರಲ್ಲೂ ಮಾತೃಭಾಷೆಯ ಖಾನೆಯನ್ನು.

ವೋಟು ಕೇಳಲು ಬರುವ ಜೀಪುಗಳಿಗೆ ಹೊರನಾಡು, ಕೊಟ್ಟಿಗೆಹಾರದ ದಾರಿ ಚೆನ್ನಾಗಿ ಗೊತ್ತು. ತಲೆ ಎಣಿಸುವವರಿಗೂ ಅದೇ ದಾರಿ. ಹತ್ತಿ ಬರಲಿ. ಬಂದವರಿಗೆ ಕಾಫಿ ಕೊಡದೆ ಕಳಿಸುವ ಜನ ನಾವಲ್ಲ!