ಮಗು ಮನೆಗೆ ತಂದ ಮಾತು

ಹಸಿಗೋಡೆಗೆ ಎಸೆದ ಹರಳು ಅಲ್ಲಿಯೇ ನಾಟುವುದು. ಹಿಜಾಬಿನ ವಿವಾದದ ನಡುವೆ, 2022ರ ಫೆಬ್ರವರಿ 8ರಂದು, ಶಿವಮೊಗ್ಗೆಯ ಸರ್ಕಾರಿ ಕಾಲೇಜೊಂದರ ಧ್ವಜಸ್ತಂಭಕ್ಕೆ ಕೇಸರಿ ಬಾವುಟವೇರಿತು. ರಾಜ್ಯದ ಪ್ರೌಢಶಾಲೆ, ಕಾಲೇಜುಗಳಿಗೆ 3 ದಿನ ರಜೆ ಸಾರಲಾಯಿತು. ಅಂಥ ದಿನಗಳಲ್ಲಿ ಕೋಟೆಯ ಕ್ರೈಸ್ತ ಮನೆಯ ಮಗುವೂ, “ಅಪ್ಪಾ, ನಾವು ಯಾರ ಕಡೆ?” ಎಂದು ಕೇಳದಿರದು.

“ಸುಮ್ಮನಿರು” ಎಂದು ಗದರುವುದು ಸುಲಭ. ಆದರೆ ಗದರಿಸಿಕೊಂಡ ಮಗು ಉತ್ತರವನ್ನು ಬೀದಿಯಲ್ಲಿ ಹುಡುಕುತ್ತದೆ. ಹೇಳಿದವರು ಯಾರು, ಏಕೆ ಹೇಳಿದರು, ಅದು ಪಾಠವೋ ಅವರ ಸ್ವಂತ ಅಭಿಪ್ರಾಯವೋ ಎಂದು ಜೊತೆಗೆ ಕುಳಿತು ವಿಚಾರಿಸುವುದೇ ಲೇಸು.

ಕೇರಳದ ಪ್ರಸಂಗವೊಂದು ಇಲ್ಲಿ ನೆನೆಯತಕ್ಕದ್ದು. ರಾಷ್ಟ್ರಗೀತೆಯನ್ನು ಹಾಡಲಿಲ್ಲವೆಂದು, 1985ರಲ್ಲಿ, ‘ಯೆಹೋವನ ಸಾಕ್ಷಿಗಳು’ ಪಂಥದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಲಾಯಿತು. ಹಾಡದಿದ್ದರೂ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದು 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು.

ಸಂವಿಧಾನದ 28ನೆಯ ವಿಧಿಯೂ ಇದೆ: ಸರ್ಕಾರದ ಮನ್ನಣೆ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಮತಬೋಧನೆಗೆ ಕೂರಿಸುವಂತಿಲ್ಲ. ಈ ರಕ್ಷೆ ಕ್ರೈಸ್ತರ ಶಾಲೆಯಲ್ಲಿ ಕಲಿಯುವ ಹಿಂದೂ, ಮುಸಲ್ಮಾನ ಮಕ್ಕಳಿಗೂ ಉಂಟು. ಇದನ್ನೂ ಸೇರಿಸಿ ಹೇಳುವ ತಾಯ್ತಂದೆಗಳ ಮಗು ತನ್ನ ನಂಬಿಕೆಯನ್ನೂ ಬಿಡದು, ಪಕ್ಕದ ಬೆಂಚಿನ ಗೆಳೆತನವನ್ನೂ ಕಳೆದುಕೊಳ್ಳದು.